ಬಡಿಸುವವರೂ ಕೂತು ಉಣ್ಣುವ ಮನೆ

ಫ್ರಾನ್ಸಿನ ಕಾರ್ಮಿಕ ಕಾನೂನಿನಲ್ಲಿ ಒಂದು ನಿಯಮವಿದೆ: ಕೆಲಸ ಮಾಡುವ ಜಾಗದಲ್ಲೇ ನೌಕರರು ಊಟ ಮಾಡಲು ಮಾಲೀಕರು ಬಿಡಬಾರದು. ಕೊರೊನಾ ಕಾಲದಲ್ಲಿ, 2021ರ ಫೆಬ್ರವರಿಯಲ್ಲಿ, ಕ್ಯಾಂಟೀನುಗಳಲ್ಲಿ ಜನ ಸೇರುವುದು ತಪ್ಪಲಿ ಅಂತ ಸರ್ಕಾರ ಅದನ್ನು ತಾತ್ಕಾಲಿಕವಾಗಿ ಸಡಿಲಿಸಿತ್ತು. ನಾವಿರುವುದು ತುಲೂಸ್‌ನಲ್ಲಿ, ವಿಮಾನ ಕಟ್ಟುವ ಊರು. ಬೆಂಗಳೂರಿನಿಂದ ಬಂದ ಎಂಜಿನಿಯರುಗಳು ಇಲ್ಲಿದ್ದಾರೆ, ನಮ್ಮ ಯಜಮಾನರೂ ಅವರಲ್ಲೊಬ್ಬರು. ಅಲ್ಲಿ ಲ್ಯಾಪ್‌ಟಾಪ್ ಮುಂದೆ ಡಬ್ಬಿ ಬಿಚ್ಚುತ್ತಿದ್ದವರು ಇಲ್ಲಿ ಮಧ್ಯಾಹ್ನವಾದರೆ ಕೆಲಸ ಬಿಟ್ಟು ಎಲ್ಲರ ಜೊತೆ ಎದ್ದು ಹೋಗುತ್ತಾರೆ.

ಮಕ್ಕಳ ಶಾಲೆಯಲ್ಲೂ ಹಾಗೇ. ಊಟದ ಬಿಡುವು ಒಂದೂವರೆ ಗಂಟೆಗೆ ಕಡಿಮೆಯಿಲ್ಲ. ಮೊದಲು ಸಲಾಡ್, ಆಮೇಲೆ ಮುಖ್ಯ ಊಟ, ಆಮೇಲೆ ಚೀಸ್ ಅಥವಾ ಮೊಸರು, ಕೊನೆಗೆ ಹಣ್ಣೋ ಸಿಹಿಯೋ. 2018ರ ಒಂದು ಕಾಯ್ದೆಯಿಂದಾಗಿ ವಾರಕ್ಕೊಮ್ಮೆಯಾದರೂ ಮಾಂಸ, ಮೀನು ಇಲ್ಲದ ಊಟ ಕೊಡಲೇಬೇಕು, ಹಾಗಾಗಿ ನಮ್ಮಂಥವರಿಗೂ ಸ್ವಲ್ಪ ಅನುಕೂಲ. ಯುನೆಸ್ಕೊ 2010ರಲ್ಲಿ ಫ್ರೆಂಚರ ಊಟವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿದ್ದು ಯಾವುದೋ ಒಂದು ತಿನಿಸಲ್ಲ, ಹಬ್ಬ ಹುಣ್ಣಿಮೆಗೆ ನೆಂಟರಿಷ್ಟರು ಒಂದೇ ಮೇಜಿನ ಸುತ್ತ ಕೂತು ನಿಧಾನವಾಗಿ ಉಣ್ಣುವ ಆ ಪದ್ಧತಿಯೇ. ಇಲ್ಲಿನ ಪ್ರತಿ ಮನೆಯಲ್ಲೂ ದಿನಾ ಹೀಗೆ ನಡೆಯುತ್ತದೆ ಅಂತಲ್ಲ. ಟೀವಿ ಹಾಕಿಕೊಂಡು ಉಣ್ಣುವವರು ಇಲ್ಲೂ ಬೇಕಾದಷ್ಟಿದ್ದಾರೆ.

ಆದರೆ ಇಲ್ಲಿನವರ ಮನೆಗೆ ಊಟಕ್ಕೆ ಹೋದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬೇರೆಯೇ. ಅಡುಗೆ ಮಾಡಿದವರು ನಮ್ಮ ಜೊತೆಗೇ ಕೂತರು. ಕೆಳಗಿನ ಮನೆಯ ಹಿರಿಯಾಕೆ ತರಕಾರಿ, ಚೀಸ್ ಹಾಕಿ ಓವನ್‌ನಲ್ಲಿ ಬೇಯಿಸಿದ ಪಾತ್ರೆಯನ್ನು ಹಾಗೇ ತಂದು ಮೇಜಿನ ನಡುವೆ ಇಟ್ಟರು, ಬ್ರೆಡ್ಡನ್ನು ಪಕ್ಕದಲ್ಲಿಟ್ಟರು, ಕುರ್ಚಿ ಎಳೆದುಕೊಂಡರು. ಅವರು ಚಮಚ ಎತ್ತುವವರೆಗೆ ಯಾರೂ ತಿನ್ನಲು ಶುರು ಮಾಡಲಿಲ್ಲ. ಬೇಕಾದವರು ಬೇಕಾದಷ್ಟು ಹಾಕಿಕೊಂಡರು. ಎರಡು ಗಂಟೆಯಲ್ಲಿ ಅವರು ಎದ್ದದ್ದು ತಟ್ಟೆ ಬದಲಿಸುವುದಕ್ಕೆ ಮಾತ್ರ, ಅದಕ್ಕೂ ಮೊಮ್ಮಗ ಜೊತೆಗೆ ಎದ್ದ.

ನಾನು ಹಾಸನದ ಕಡೆಯವಳು. ನಮ್ಮಲ್ಲೂ ಪಂಕ್ತಿಯ ಶಿಸ್ತು ಇದೆ. ಎಲೆ ತುಂಬುವ ತನಕ ಕೈ ಹಾಕಬಾರದು, ಪಕ್ಕದವರು ಉಣ್ಣುತ್ತಿರುವಾಗ ಏಳಬಾರದು. ನಮ್ಮಜ್ಜ ಇದನ್ನು ಮಕ್ಕಳಿಗೆ ಗದರಿಸಿ ಕಲಿಸಿದವರು. ಆದರೆ ಆ ಪಂಕ್ತಿಯಲ್ಲಿ ಅಮ್ಮ ಇರುತ್ತಿರಲಿಲ್ಲ. ಅಪ್ಪ, ಚಿಕ್ಕಪ್ಪ, ಮಕ್ಕಳು ಎಲ್ಲರದೂ ಮುಗಿದ ಮೇಲೆ, ತಣ್ಣಗಾದ ಸಾರಿನ ಜೊತೆ, ಅಡುಗೆಮನೆಯಲ್ಲೇ ಅವಳ ಊಟ. ಒಟ್ಟಿಗೆ ಊಟ ಮಾಡುತ್ತೇವೆ ಅಂತ ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು. ಆ ಲೆಕ್ಕದಲ್ಲಿ ಅವಳನ್ನು ಯಾರೂ ಹಿಡಿದೇ ಇರಲಿಲ್ಲ.

ಇದಕ್ಕೆ ಅರ್ಧ ಕಾರಣ ನಮ್ಮ ಅಡುಗೆಯ ಸ್ವಭಾವ. ಬಿಸಿ ದೋಸೆ ಒಂದೊಂದಾಗಿ ಹೆಂಚಿನಿಂದ ತಟ್ಟೆಗೆ ಬರಬೇಕು, ಚಪಾತಿ ಉಬ್ಬಿದ್ದು ಉಬ್ಬಿದ ಹಾಗೇ ಬರಬೇಕು ಅಂದರೆ ಒಬ್ಬರು ಒಲೆ ಮುಂದೆ ನಿಂತೇ ಇರಬೇಕು. ಮುದ್ದೆ ಹಾಗಲ್ಲ. ಒಂದೇ ಸಲಕ್ಕೆ ತಿರುವಿ, ಕಟ್ಟಿ, ಡಬ್ಬಿಯಲ್ಲಿಟ್ಟರೆ ಮುಗಿಯಿತು. ಅನ್ನ, ಹುಳಿ, ಬಿಸಿಬೇಳೆಬಾತ್, ಉಪ್ಪಿಟ್ಟು ಕೂಡ ಹಾಗೇ. ಹೀಗಾಗಿ ನಮ್ಮ ಮನೆಯಲ್ಲಿ ವಾರದ ದಿನಗಳ ರಾತ್ರಿಗೆ ಪಾತ್ರೆ ಸಮೇತ ಮೇಜಿಗೆ ತಂದಿಡಬಹುದಾದ ಅಡುಗೆ ಮಾತ್ರ. ರಾಗಿ ಹಿಟ್ಟು ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಬರುತ್ತದೆ. ಚಪಾತಿ ಮಾಡಿದರೆ ಎಲ್ಲವನ್ನೂ ಬೇಯಿಸಿ ಬಟ್ಟೆಯಲ್ಲಿ ಸುತ್ತಿಟ್ಟ ಮೇಲೇ ಕೂರುವುದು. ಸ್ವಲ್ಪ ಬಿಸಿ ಕಮ್ಮಿಯಾದರೆ ಆಗಲಿ. ದೋಸೆಗೂ ಇಲ್ಲಿ ಒಂದು ದಾರಿ ಸಿಕ್ಕಿತು. ಫ್ರೆಂಚರು ಕ್ರೆಪ್ ಅನ್ನುವ ತಮ್ಮ ತೆಳು ದೋಸೆ ಮಾಡುವುದಕ್ಕೆ ಮೇಜಿನ ಮೇಲೇ ಇಡುವ ಕರೆಂಟಿನ ಹೆಂಚು ಬರುತ್ತದೆ, ಒಂದೇ ಸಲಕ್ಕೆ ಅಂಗೈಯಗಲದ ಹಲವು ದೋಸೆ ಹುಯ್ಯಬಹುದು. ಭಾನುವಾರ ನಾಲ್ಕೂ ಜನ ಅದರ ಸುತ್ತ ಕೂತು ಅವರವರ ದೋಸೆ ಅವರವರೇ ಹುಯ್ದುಕೊಳ್ಳುತ್ತೇವೆ. ಚಟ್ನಿ ಬಟ್ಟಲು ನಡುವೆ.

ಒಟ್ಟಿಗೆ ಕೂರುವುದರಿಂದ ಏನು ಬಂತು ಅಂತ ಕೇಳಿದರೆ ನಾನು ಮಜ್ಜಿಗೆ ಅನ್ನದ ಹೊತ್ತಿನ ಮಾತು ಹೇಳುತ್ತೇನೆ. ಹುಳಿಯನ್ನ ಉಣ್ಣುವಾಗ ಮಕ್ಕಳು ಏನು ಕೇಳಿದರೂ 'ಎಲ್ಲ ಸರಿ' ಅನ್ನುತ್ತಾರೆ. ಹೊಟ್ಟೆ ತುಂಬಿ, ಕೈ ನಿಧಾನವಾಗಿ, ತಟ್ಟೆಯಲ್ಲಿ ಮಜ್ಜಿಗೆ ಅನ್ನ ಕಲೆಸುತ್ತ ಕೂತಾಗ ನಿಜವಾದ ಮಾತು ಹೊರಗೆ ಬರುತ್ತದೆ. ಬಂದ ಮೊದಲ ವರ್ಷ ಮಗ, ಭಾಷೆ ಬಾರದೆ ಆಟದ ಬಿಡುವಿನಲ್ಲಿ ಗೋಡೆ ಪಕ್ಕ ಒಬ್ಬನೇ ನಿಲ್ಲುತ್ತಿದ್ದುದನ್ನು ಹೇಳಿದ್ದು ಅಂಥ ಒಂದು ರಾತ್ರಿ. ಟೀಚರ್ ಕೇಳಿದಾಗ ಹೇಳಿರಲಿಲ್ಲ, ನಾನು ಮಲಗಿಸುವಾಗ ಕೇಳಿದರೂ ಹೇಳಿರಲಿಲ್ಲ. ಅವನ ತಂಗಿ 'ನಂಗೂ ಹಂಗೇ' ಅಂದಳು. ಹತ್ತೇ ನಿಮಿಷಕ್ಕೆ ಉಂಡು ಎದ್ದಿದ್ದರೆ ಆ ಮಾತು ನಮಗೆ ಯಾವಾಗ ತಿಳಿಯುತ್ತಿತ್ತೋ. ಮೇಜಿನ ಹತ್ತಿರ ಫೋನ್ ಬೇಡ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಯಜಮಾನರಿಗೂ ವಿನಾಯಿತಿ ಇಲ್ಲ.

ಹೋದ ಬೇಸಿಗೆಯಲ್ಲಿ ಅಮ್ಮ ಅಪ್ಪ ಬಂದಿದ್ದರು. ಜೂನ್‌ನಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಊಟ ಎಂಟಕ್ಕೆ. ಅಮ್ಮ ಬಡಿಸುವ ಸೌಟು ಕೈಯಿಂದ ಬಿಡಲೊಲ್ಲಳು. "ನೀವು ಮಾಡ್ರಮ್ಮ, ನಾನು ಆಮೇಲೆ ಕೂತ್ಕೋತೀನಿ." ಮಗಳು ಕೈ ಕಟ್ಟಿ ಕೂತಳು: "ಅಜ್ಜಿ ಕೂತ್ಕೊಳ್ಳೋವರ್ಗೂ ನಾನು ತಿನ್ನಲ್ಲ." ಮೊಮ್ಮಗಳ ಹಸಿವಿನ ಮುಂದೆ ಅಮ್ಮನ ಹಟ ಎಷ್ಟು ದಿನ ನಿಂತೀತು? ಕೂತಳು. ಬಿಸಿ ಮುದ್ದೆಗೆ ತುಪ್ಪ ಹಾಕಿಕೊಂಡು ಉಂಡಳು. ಅಪ್ಪ ಅವಳ ತಟ್ಟೆಗೆ ಬಸ್ಸಾರು ಬಡಿಸಿದ್ದನ್ನು ನಾನು ಹುಟ್ಟಿದಾಗಿನಿಂದ ಅವತ್ತೇ ನೋಡಿದ್ದು.

ನಮಗೆ ಇದೆಲ್ಲ ಸುಲಭವಾದದ್ದಕ್ಕೆ ಕಾರಣ ಯಜಮಾನರು ಏಳು ಗಂಟೆಯ ಒಳಗೆ ಮನೆಗೆ ಬರುವುದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ರಾತ್ರಿಯೂಟದ ಬುದ್ಧಿವಾದ ಹೇಳುವುದು ಸರಿಯಲ್ಲ, ನನಗೂ ಗೊತ್ತು. ನನ್ನ ತಮ್ಮ ಮನೆ ಸೇರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಹಾಗಾಗಿ ಅವನ ಮನೆಯವರು ಬೆಳಗ್ಗೆಯ ತಿಂಡಿಯನ್ನು ಹಿಡಿದುಕೊಂಡಿದ್ದಾರೆ. ಶಾಲೆಯ ವ್ಯಾನ್ ಏಳೂಮುಕ್ಕಾಲಿಗೆ. ಏಳೂಕಾಲಿಗೆ ಉಪ್ಪಿಟ್ಟೋ ಚಿತ್ರಾನ್ನವೋ ಮೇಜಿಗೆ ಬರುತ್ತದೆ, ತಮ್ಮನ ಹೆಂಡತಿಯೂ ಗ್ಯಾಸ್ ಆರಿಸಿ ಬಂದು ಕೂರುತ್ತಾಳೆ. ಮಕ್ಕಳ ಡಬ್ಬಿ ಕಟ್ಟುವ ಕೆಲಸ ಈಗ ತಮ್ಮನದು.