ಮಿರಗ ಕೂಡಿದ ಮೇಲೆ ಕುಂಡ ಬದಲು

ಮನೆಯೊಳಗಿನ ಗಿಡಗಳ ಬಗ್ಗೆ ಯಾವ ವಿಡಿಯೋ ನೋಡಿದರೂ ಒಂದು ಮಾತು ಬಂದೇ ಬರುತ್ತದೆ: ಮಾರ್ಚ್, ಏಪ್ರಿಲ್‌ನಲ್ಲಿ ಕುಂಡ ಬದಲಿಸಿ, ಆಗ ಗಿಡ ಚಿಗುರುತ್ತದೆ. ಚಳಿ ಮುಗಿದು ಹಿತವಾದ ಬಿಸಿಲು ಬರುವ ಊರುಗಳಿಗೆ ಅದು ಸರಿ. ಕಲಬುರಗಿಯಲ್ಲಿ ಏಪ್ರಿಲ್ ಅಂದರೆ ಮಧ್ಯಾಹ್ನ ರಸ್ತೆ ಖಾಲಿ. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಕಿಟಕಿ ತೆಗೆದರೆ ಮುಖಕ್ಕೆ ಝಳ ಹೊಡೆಯುತ್ತದೆ. ಆ ಹೊತ್ತಿನಲ್ಲಿ ಬೇರು ಅಲುಗಾಡಿಸಿದರೆ ಗಿಡ ತಡೆದುಕೊಳ್ಳುವುದು ಕಷ್ಟ.

ನಮ್ಮ ಪಡಸಾಲೆಯ ಪೀಸ್ ಲಿಲಿ ತಕರಾರು ಶುರು ಮಾಡಿದ್ದು ಸರಿಯಾಗಿ ಅದೇ ಕಾಲಕ್ಕೆ. ಬೆಳಿಗ್ಗೆ ನೀರು ಹಾಕಿದರೆ ಸಂಜೆಗೆ ಎದ್ದು ನಿಲ್ಲುವುದು, ಮರುದಿನ ಮತ್ತೆ ಎಲೆಗಳೆಲ್ಲ ಕುಂಡದ ಅಂಚಿಗೆ ಜೋತುಬೀಳುವುದು. ಮೊದಲು ಹಾಗಿರಲಿಲ್ಲ. ಒಮ್ಮೆ ನೀರು ಕೊಟ್ಟರೆ ನಾಲ್ಕೈದು ದಿನ ಚಿಂತೆಯೇ ಇರುತ್ತಿರಲಿಲ್ಲ. ಪಕ್ಕದ ಮನೆ ವೈನಿ ನೋಡಿ, "ನೀರು ಸಾಲವಲ್ದು, ಜಾಸ್ತಿ ಹಾಕ್ರಿ" ಅಂದರು. ಗೊಬ್ಬರ ಕಡಿಮೆಯಾಗಿದೆ ಅನ್ನುವುದು ನಮ್ಮನೆಯವರ ವಾದ.

ಅತ್ತೆ ಆಳಂದದ ಕಡೆ ಹೊಲಮನೆಯಲ್ಲಿ ಬೆಳೆದವರು. ಪೀಸ್ ಲಿಲಿ ಅನ್ನುವ ಹೆಸರು ಅವರಿಗೆ ಬೇಕಿಲ್ಲ, ಬಿಳಿ ಹೂವಿನ ಗಿಡ ಅಷ್ಟೆ. ಅವರು ಏನೂ ಹೇಳದೆ ಒಂದು ತಂಬಿಗೆ ನೀರು ತಂದು ಕುಂಡಕ್ಕೆ ಸುರಿದರು. ಎಲೆ ಕಡೆ ನೋಡಲಿಲ್ಲ, ಕೆಳಗಿನ ತಟ್ಟೆ ಕಡೆ ನೋಡಿದರು. ನೀರು ಮೇಲೆ ನಿಲ್ಲಲೇ ಇಲ್ಲ. ಸುರಿದಷ್ಟೇ ಬೇಗ ತಟ್ಟೆಗೆ ಇಳಿಯಿತು.

"ಮಣ್ಣೇ ಇಲ್ಲ ಯವ್ವಾ ಒಳಗ. ಬರೇ ಬೇರ ಅವ. ನೀರು ಎಲ್ಲಿ ನಿಂದರಬೇಕು?"

ಕುಂಡ ಎತ್ತಿ ನೋಡಿದೆವು. ತೂತುಗಳಿಂದ ಬಿಳಿ ಬೇರು ಹೊರಬಂದು ತಟ್ಟೆಯ ಉದ್ದಕ್ಕೂ ಹರಿದಿತ್ತು. ಪ್ಲಾಸ್ಟಿಕ್ ಕುಂಡ ಒಂದು ಕಡೆ ಉಬ್ಬಿತ್ತು. ಹೊಸ ಎಲೆಗಳು ಹಳೆಯವಕ್ಕಿಂತ ಸಣ್ಣ. ಇಷ್ಟು ಒಟ್ಟಿಗೆ ಕಂಡರೆ ಗಿಡಕ್ಕೆ ಜಾಗ ಸಾಲುತ್ತಿಲ್ಲ ಅಂತಲೇ ಅರ್ಥ. ಬರೀ ಎಲೆ ಬಾಡಿದ್ದನ್ನು ನೋಡಿ ಮಾತ್ರ ತೀರ್ಮಾನಿಸಬಾರದು. ಬೇರು ಕೊಳೆತರೂ ಎಲೆ ಹೀಗೇ ಬಾಡುತ್ತದೆ. ಅದಕ್ಕೇ ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಬೇಕು. ಮಣ್ಣು ಹಸಿಯಾಗಿದ್ದೂ ಎಲೆ ಜೋತುಬಿದ್ದಿದ್ದರೆ, ವಾಸನೆಯೂ ಬರುತ್ತಿದ್ದರೆ, ಆಗ ಯಾವ ಮಳೆಗೂ ಕಾಯುವ ಹಾಗಿಲ್ಲ. ಅವತ್ತೇ ತೆಗೆದು ಕೊಳೆತದ್ದನ್ನು ಕತ್ತರಿಸಬೇಕು. ನಮ್ಮದು ಆ ಬಗೆಯದಲ್ಲ.

"ಹಂಗಾರ ಈಗೇ ಬದಲಿ ಮಾಡೋಣೇನ್ರಿ ಅತ್ತಿ?"

"ಈಗ ಬ್ಯಾಡ. ಮಿರಗ ಕೂಡ್ಲಿ."

ಮಿರಗ ಅಂದರೆ ಮೃಗಶಿರಾ ಮಳೆ. ಜೂನ್ 7, 8ರ ಆಸುಪಾಸಿನಲ್ಲಿ ಕೂಡುತ್ತದೆ. ನಮ್ಮ ಕಡೆ ತೊಗರಿ ಬಿತ್ತುವವರು ಹದ ನೋಡುವುದು ಅದೇ ಮಳೆಗೆ. ಅತ್ತೆಯ ಮಾತಿನಲ್ಲಿ ಗಟ್ಟಿ ಕಾರಣವಿದೆ. ಗಿಡ ನೀರು ಹೀರುವುದು ಬೇರಿನ ತುದಿಯ ಹತ್ತಿರದ ಕೂದಲೆಳೆಯಂಥ ಸಣ್ಣ ರೋಮಗಳಿಂದ. ಕುಂಡ ಬದಲಿಸುವಾಗ ಎಷ್ಟೇ ಜೋಪಾನ ಮಾಡಿದರೂ ಅವು ಹರಿಯುತ್ತವೆ. ಮತ್ತೆ ಬೆಳೆಯುವ ತನಕ ಗಿಡ ಕುಡಿಯುವುದು ಕಡಿಮೆ. ಎಲೆಯಿಂದ ನೀರು ಆವಿಯಾಗುವುದು ಮಾತ್ರ ನಿಲ್ಲುವುದಿಲ್ಲ. ಮೇ ತಿಂಗಳ ಒಣ ಗಾಳಿಯಲ್ಲಂತೂ ಅದು ಇನ್ನೂ ಜಾಸ್ತಿ. ಪೀಸ್ ಲಿಲಿಯ ಮೂಲ ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗದ ಮಳೆಕಾಡು. ದೊಡ್ಡ ಮರಗಳ ನೆರಳಲ್ಲಿ, ತೇವದ ಗಾಳಿಯಲ್ಲಿ ಬೆಳೆಯುವ ಗಿಡ. ಕಲಬುರಗಿಯ ಮನೆಯೊಂದು ಅದಕ್ಕೆ ತವರಿನ ಹಾಗೆ ಅನಿಸುವುದಿದ್ದರೆ ಮೋಡ ಕಟ್ಟಿದ ಜೂನ್‌ನಲ್ಲಿಯೇ. ಮುಂದೆ ಚಳಿ ಬರುವ ತನಕ ಬೆಳೆಯಲು ತಿಂಗಳುಗಟ್ಟಲೆ ಸಮಯವೂ ಸಿಗುತ್ತದೆ.

ಅಲ್ಲಿಯವರೆಗೆ ಅದನ್ನು ಉಳಿಸಿಕೊಳ್ಳಬೇಕಲ್ವಾ? ಮೇಲಿನಿಂದ ನೀರು ಹಾಕುವುದು ಬಿಟ್ಟೆ. ಬಕೆಟ್‌ನಲ್ಲಿ ಸ್ವಲ್ಪ ನೀರಿಟ್ಟು ಅರ್ಧ ಗಂಟೆ ಕುಂಡವನ್ನು ಅದರಲ್ಲಿ ಕೂರಿಸುತ್ತಿದ್ದೆ. ಬೇರಿನ ನಡುವೆ ಉಳಿದಿದ್ದ ಚೂರುಪಾರು ಮಣ್ಣು ನಿಧಾನಕ್ಕೆ ಹೀರಿಕೊಳ್ಳುತ್ತಿತ್ತು. ಕಿಟಕಿಯಿಂದ ದೂರ, ಪರ್ಸಿ ನೆಲ ತಣ್ಣಗಿರುವ ಮೂಲೆಗೆ ಸರಿಸಿದೆ.

ಮಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸುತ್ತ ಇರುವುದೆಲ್ಲ ಎರೆ ಮಣ್ಣು. ತೊಗರಿಗೆ, ಜೋಳಕ್ಕೆ ಅದರಂಥ ಮಣ್ಣಿಲ್ಲ. ಕುಂಡಕ್ಕೆ ಅದು ಬೇಡ. ನೀರು ಬಿದ್ದರೆ ಉಬ್ಬಿ ಅಂಟಾಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದರೆ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿಯುತ್ತದೆ. ಬೀದರ್‌ನಲ್ಲಿರುವ ತಂಗಿ ಬರುವಾಗ ಒಂದು ಚೀಲ ಕೆಂಪು ಮಣ್ಣು ತರಲು ಹೇಳಿದ್ದೆ. ನೂರು ಕಿಲೋಮೀಟರ್ ಆಚೆ ಹೋದರೆ ನೆಲದ ಬಣ್ಣವೇ ಬೇರೆ. ಬೀದರ್ ಕೋಟೆಯ ಗೋಡೆಗೆ ಬಳಸಿದ ಜಂಬಿಟ್ಟಿಗೆ ಕಲ್ಲು ಕೂಡ ಅದೇ ನೆಲದ್ದು. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕೆಂಪು ಮಣ್ಣು, ಎರೆಹುಳು ಗೊಬ್ಬರ, ದಪ್ಪ ಉಸುಕು ಒಂದೊಂದು ಪಾಲು ಹಾಕಿ ಪುಟ್ಟಿಯಲ್ಲಿ ಕಲಸಿದೆ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ಇನ್ನೊಂದು ಸಲ ತೊಳೆದರೆ ಅದರಲ್ಲಿರುವ ಉಪ್ಪು ಹೋಗುತ್ತದೆ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆಯಾಗಿ ಉಳಿಯದೆ ಉದುರಬೇಕು. ಅಷ್ಟಾದರೆ ಸಾಕು.

ಮಿರಗ ಕೂಡಿ ಮೊದಲ ಒಳ್ಳೆಯ ಮಳೆ ಬಿದ್ದ ಮೇಲೆ, ಮೋಡವಿದ್ದ ಒಂದು ಭಾನುವಾರ ಸಂಜೆ ಕುಂಡ ಹೊರಗೆ ತಂದೆ. ಹಿಂದಿನ ದಿನವೇ ನೀರು ಕುಡಿಸಿದ್ದೆ. ಬೇರು ಒಣಗಿದ್ದರೆ ಪಟಪಟ ಮುರಿಯುತ್ತದೆ, ನೀರುಂಡ ಬೇರು ಬಾಗುತ್ತದೆ. ಕುಂಡವನ್ನು ಅಡ್ಡ ಮಲಗಿಸಿ ಸುತ್ತಲೂ ಅಂಗೈಯಿಂದ ಒತ್ತಿದೆ. ಜಗ್ಗಲಿಲ್ಲ. ಗಿಡದ ಬುಡ ಹಿಡಿದು ಎಳೆಯಬೇಡಿ, ದಂಟು ಕೈಗೆ ಬರುತ್ತದೆ. ಕುಂಡಕ್ಕೇ ಕತ್ತರಿ ಹಾಕಿದೆ. ಮೂವತ್ತು ರೂಪಾಯಿಯ ಪ್ಲಾಸ್ಟಿಕ್, ಹೋದರೆ ಹೋಯಿತು.

ಹೊರಬಂದದ್ದು ಕುಂಡದ್ದೇ ಆಕಾರ. ಬೇರು ತಳದಲ್ಲಿ ಕೊಡದ ಕೆಳಗಿನ ಸಿಂಬಿಯಂತೆ ಸುತ್ತು ಸುತ್ತಾಗಿ ಕೂತಿತ್ತು. ಬೆರಳು ತೂರಿಸಲೂ ಸಂದಿಯಿಲ್ಲ. ಬಣ್ಣ ಮಾತ್ರ ಹಾಲಿನಷ್ಟು ಬಿಳಿ, ಒತ್ತಿದರೆ ಗಟ್ಟಿ, ಹಸಿ ಮಣ್ಣಿನ ವಾಸನೆ. ಕೊಳೆತ ಬೇರು ಕಂದಾಗಿರುತ್ತದೆ, ಚಿವುಟಿದರೆ ಸಿಪ್ಪೆ ಜಾರಿ ದಾರದಂಥ ಎಳೆ ಉಳಿಯುತ್ತದೆ. ಅಂಥದ್ದು ಒಂದೂ ಕಾಣದೆ ನನಗೆ ಎಷ್ಟು ಸಮಾಧಾನವಾಯಿತೋ! ಅತ್ತೆ ಬೆರಳಿನಿಂದ ಕೆಳಗಿನ ಸುತ್ತುಗಳನ್ನು ಒಂದೊಂದಾಗಿ ಬಿಡಿಸಿದರು, ಮೊಮ್ಮಗಳ ತಲೆಯ ಸಿಕ್ಕು ಬಿಡಿಸುವಾಗಿನ ಅದೇ ತಾಳ್ಮೆ. ಬಿಡಿಸಲು ಬಾರದ್ದನ್ನು ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ತೆಗೆದೆ. ಬುಡದಲ್ಲಿ ಒಂದು ಮರಿ ತನ್ನದೇ ಬೇರಿನೊಂದಿಗೆ ಬೇರೆಯಾಗಲು ತಯಾರಿತ್ತು. ಅದನ್ನು ವೈನಿಗೆ ಅಂತ ತೆಗೆದಿಟ್ಟೆ. ಇದು ಕೆಸುವಿನ ಜಾತಿಯ ಗಿಡ, ರಸ ತಾಗಿದರೆ ತುರಿಸುತ್ತದೆ, ಬಾಯಿಗೆ ಹೋದರೆ ಉರಿಯುತ್ತದೆ. ಹಾಗಾಗಿ ಮಗಳನ್ನು ಹತ್ತಿರ ಬಿಡಲಿಲ್ಲ.

ಹಳೆಯದು ಆರು ಇಂಚಿನ ಕುಂಡ, ಹೊಸದು ಎಂಟು. ಅಂಗಡಿಯಲ್ಲಿ ಹನ್ನೆರಡು ಇಂಚಿನದನ್ನೇ ಒಯ್ಯಿರಿ, ಮತ್ತೆ ಮತ್ತೆ ಬದಲಿಸುವ ತಾಪತ್ರಯ ಇರುವುದಿಲ್ಲ ಅಂದರು. ನಾನು ಒಪ್ಪಲಿಲ್ಲ. ಬೇರು ಮುಟ್ಟದ ಮಣ್ಣು ದಿನಗಟ್ಟಲೆ ಹಸಿಯಾಗಿಯೇ ಉಳಿದು ಬೇರು ಕೊಳೆಸುತ್ತದೆ. ತಳಕ್ಕೆ ಜಲ್ಲಿಯನ್ನೂ ಹಾಕಲಿಲ್ಲ. ಜಲ್ಲಿಯಿಂದ ನೀರು ಬೇಗ ಬಸಿಯುತ್ತದೆ ಅನ್ನುವುದು ಸುಮ್ನೆ ಮಾತು. ಮೇಲಿನ ಮಣ್ಣು ಪೂರ್ತಿ ತೊಯ್ಯುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ, ಬೇರಿಗೆ ಸಿಗುವ ಜಾಗ ಮಾತ್ರ ಕಡಿಮೆಯಾಗುತ್ತದೆ. ಮಣ್ಣಿನ ಕುಂಡ ಚೆಂದ ನಿಜ, ಆದರೆ ನಮ್ಮ ಬೇಸಿಗೆಯಲ್ಲಿ ಅದು ಬೇಗ ಒಣಗುತ್ತದೆ. ತೇವ ಬಯಸುವ ಈ ಗಿಡಕ್ಕೆ ನಾನು ಪ್ಲಾಸ್ಟಿಕ್ಕೇ ಆರಿಸುತ್ತೇನೆ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಕೂರಿಸಿ, ಸುತ್ತ ಮಣ್ಣು ತುಂಬಿ, ಮೇಲೆ ಒಂದು ಇಂಚು ಜಾಗ ಬಿಟ್ಟು ನೀರು ಹಾಕಿದೆ. ನೀರು ಒಂದು ಕ್ಷಣ ಮೇಲೆ ನಿಂತು, ಆಮೇಲೆ ಇಳಿಯಿತು. ಹಾಕಿದ್ದು ಬೋರಿನ ನೀರಲ್ಲ, ಮಾಳಿಗೆಯಿಂದ ಹಿಡಿದ ಮಳೆ ನೀರು. ಬೋರಿನ ಸವಳು ನೀರಿಗೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಎಲೆಯ ತುದಿ ಸುಡುತ್ತದೆ.

ಎರಡು ಮೂರು ದಿನ ಗಿಡ ಮಂಕಾಗಿಯೇ ಇತ್ತು. ಅದು ಸಹಜ, ಆಗ ಗೊಬ್ಬರ ಸುರಿಯಬಾರದು. ಗಾಯವಾದ ಬೇರಿಗೆ ಗೊಬ್ಬರದ ಉಪ್ಪು ತಾಗಿದರೆ ಸುಡುತ್ತದೆ. ನೆರಳಲ್ಲಿಟ್ಟು, ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು ಕೊಟ್ಟೆ. ವಾರ ಕಳೆಯುವಷ್ಟರಲ್ಲಿ ನೆಟ್ಟಗಾಯಿತು. ಗೊಬ್ಬರ ಕೊಟ್ಟಿದ್ದು ನಾಗರ ಪಂಚಮಿ ಮುಗಿದ ಮೇಲೆ, ಅದೂ ತೆಳ್ಳಗೆ ಕಲಸಿ.

ವೈನಿಯ ಮರಿಯೂ ಹತ್ತಿಕೊಂಡಿದೆ. ಮೊನ್ನೆ ಅವರು ತಮ್ಮ ಸ್ನೇಕ್ ಪ್ಲಾಂಟ್ ಹೊತ್ತು ತಂದು, "ಇದ್ರದೂ ಕುಂಡ ಬದ್ಲಿ ಮಾಡ್ಕೊಡ್ರಿ" ಅಂದರು. ನೀರು ಸುರಿದು ನೋಡಿದೆ, ತೂತು ನೋಡಿದೆ. ಬೇರು ಹೊರಗೆ ಬಂದಿಲ್ಲ, ಕುಂಡ ಉಬ್ಬಿಲ್ಲ, ನೀರೂ ನಿಧಾನಕ್ಕೆ ಇಳಿಯಿತು. ಅದಕ್ಕೆ ಇಕ್ಕಟ್ಟೇ ಹಿತ, ಇನ್ನೂ ಒಂದೆರಡು ವರ್ಷ ಮುಟ್ಟಬೇಡಿ ಅಂತ ಹೇಳಿ ವಾಪಸ್ ಕೊಟ್ಟೆ.