ಹಿಮದ ಹರಳಿನ ಆರು ತೋಳುಗಳು ಒಂದೇ ಥರ ಬೆಳೆಯುವುದು ಹೇಗೆ?

ತರಗತಿಯಲ್ಲಿ ಹಿಮದ ಹರಳಿನ ಚಿತ್ರ ತೋರಿಸಿದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: "ಸರ್, ಆ ಕಡೆ ತೋಳು ಎಲ್ಲಿ ಕವಲೊಡೀತು ಅಂತ ಈ ಕಡೆ ತೋಳಿಗೆ ಹೇಗೆ ಗೊತ್ತಾಗುತ್ತೆ?" ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ ಎಂಬುದೇ ನನ್ನ ಉತ್ತರ. ಆದರೆ ಅಷ್ಟಕ್ಕೇ ಬಿಟ್ಟರೆ ಯಾರಿಗೂ ಸಮಾಧಾನವಾಗುವುದಿಲ್ಲ.

ನಮ್ಮಲ್ಲಿ ಬೇಸಿಗೆ ಮಳೆಯ ಜೊತೆ ಬೀಳುವ ಆಲಿಕಲ್ಲನ್ನು ಮೊದಲು ಮನಸ್ಸಿನಿಂದ ತೆಗೆದುಬಿಡಿ. ಆಲಿಕಲ್ಲಿನಲ್ಲಿ ನೀರಿನ ಹನಿಗಳೇ ಪದರ ಪದರವಾಗಿ ಹೆಪ್ಪುಗಟ್ಟಿರುತ್ತವೆ. ಹಿಮದ ಹರಳು ಹಾಗಲ್ಲ, ಅದು ಗಾಳಿಯಲ್ಲಿರುವ ನೀರಾವಿಯಿಂದ ನೇರವಾಗಿ ಬೆಳೆಯುತ್ತದೆ. ಮೋಡದ ಸಣ್ಣ ಹನಿಗಳು ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಾಗಿಯೇ ಉಳಿಯಬಲ್ಲವು. ಯಾವುದೋ ದೂಳಿನ ಕಣದ ನೆಪದಲ್ಲಿ ಒಂದು ಹನಿ ಹೆಪ್ಪುಗಟ್ಟಿತು ಅನ್ನಿ, ಸುತ್ತಲಿನ ಆವಿಯೆಲ್ಲ ಅದರ ಮೇಲೆ ಕೂರತೊಡಗುತ್ತದೆ. ಅಕ್ಕಪಕ್ಕದ ಹನಿಗಳು ಆರಿಹೋಗುತ್ತವೆ, ಹರಳು ದಪ್ಪವಾಗುತ್ತದೆ. ಚೆನ್ನಾಗಿ ಬೆಳೆದ ಒಂದು ಹರಳಿನಲ್ಲಿ ಸುಮಾರು ಒಂದು ಲಕ್ಷ ಮೋಡದ ಹನಿಗಳಷ್ಟು ನೀರಿರುತ್ತದೆ.

ಆರೇ ಏಕೆ? 1611ರಲ್ಲಿ ಪ್ರಾಗ್ ನಗರದಲ್ಲಿದ್ದ ಖಗೋಳವಿಜ್ಞಾನಿ ಕೆಪ್ಲರ್ ಈ ಪ್ರಶ್ನೆಗಾಗಿಯೇ ಒಂದು ಪುಟ್ಟ ಪುಸ್ತಕ ಬರೆದ. ಜೇನುಗೂಡು, ದಾಳಿಂಬೆಯ ಕಾಳು, ಒಟ್ಟಿಟ್ಟ ಗುಂಡುಗಳು, ಎಲ್ಲವನ್ನೂ ಹೋಲಿಸಿ ನೋಡಿ, ಕೊನೆಗೆ ಉತ್ತರವನ್ನು ಮುಂದಿನವರಿಗೆ ಬಿಟ್ಟ. ಅಣುಗಳ ಜೋಡಣೆಯನ್ನು ಕಾಣುವ ದಾರಿ ಆಗ ಇರಲಿಲ್ಲ. ಮಂಜುಗಡ್ಡೆಯಲ್ಲಿ ಪ್ರತಿ ನೀರಿನ ಅಣುವೂ ನಾಲ್ಕು ನೆರೆಯ ಅಣುಗಳ ಕೈ ಹಿಡಿದಿರುತ್ತದೆ, ಹಾಗೆ ಹಿಡಿದಾಗ ಆರಾರು ಅಣುಗಳ ಉಂಗುರಗಳು ಏರ್ಪಡುತ್ತವೆ. ಹರಳಿನ ನುಣುಪಾದ ಮುಖಕ್ಕೆ ಬಂದು ತಾಗಿದ ಅಣುವಿಗೆ ಹಿಡಿಯಲು ಆಸರೆ ಕಡಿಮೆ. ಒರಟು ಜಾಗಗಳು ಬೇಗ ತುಂಬಿಕೊಳ್ಳುತ್ತವೆ, ನುಣುಪಾದ ಮುಖಗಳು ನಿಧಾನವಾಗಿ ಬೆಳೆಯುತ್ತ ಉಳಿಯುತ್ತವೆ. ಹಾಗಾಗಿ ಹರಳು ಮೊದಲು ಆರು ಮೂಲೆಯ ಪುಟ್ಟ ಬಿಲ್ಲೆ ಅಥವಾ ಕಂಬ.

ತೋಳು ಬರುವುದು ಆಮೇಲೆ. ಬಿಲ್ಲೆಯ ಮೂಲೆಗಳು ಗಾಳಿಯೊಳಕ್ಕೆ ಸ್ವಲ್ಪ ಮುಂದಕ್ಕೆ ಚಾಚಿರುತ್ತವಲ್ಲ, ಆವಿ ಮೊದಲು ಸಿಗುವುದು ಅವಕ್ಕೆ. ಸಿಕ್ಕಿದ್ದರಿಂದ ಇನ್ನಷ್ಟು ಮುಂದೆ ಚಾಚುತ್ತವೆ, ಚಾಚಿದ್ದರಿಂದ ಇನ್ನಷ್ಟು ಸಿಗುತ್ತದೆ. ಗಾಳಿಯಲ್ಲಿ ಆವಿ ಹೆಚ್ಚಿದ್ದಷ್ಟೂ ಈ ಓಟ ಜೋರು, ಕವಲುಗಳೂ ಜಾಸ್ತಿ.

ಜಪಾನಿನ ಉಕಿಚಿರೊ ನಕಾಯಾ ಎಂಬ ಭೌತವಿಜ್ಞಾನಿ ಹೊಕ್ಕೈಡೊ ವಿಶ್ವವಿದ್ಯಾಲಯದ ಶೀತಲ ಕೋಣೆಯಲ್ಲಿ 1936ರಲ್ಲಿ ಮೊದಲ ಬಾರಿಗೆ ಹಿಮದ ಹರಳನ್ನು ಬೆಳೆಸಿದರು, ಅದೂ ಒಂದು ಮೊಲದ ಕೂದಲಿನ ಮೇಲೆ! ಬೇರೆ ದಾರಗಳ ಮೇಲೆ ಬರೀ ಮಂಜು ಕಟ್ಟುತ್ತಿತ್ತು. ಉಷ್ಣಾಂಶ, ತೇವ ಎರಡನ್ನೂ ಬದಲಿಸುತ್ತ ಅವರು ಕಂಡದ್ದು ಇದು: ಮೈನಸ್ 2 ಡಿಗ್ರಿಯ ಸುಮಾರಿಗೆ ತೆಳು ಬಿಲ್ಲೆಗಳು, ಮೈನಸ್ 5ರ ಹತ್ತಿರ ಸೂಜಿ ಮತ್ತು ಕಂಬಗಳು, ಮೈನಸ್ 15ರಲ್ಲಿ ಮತ್ತೆ ಬಿಲ್ಲೆಗಳು, ತೇವ ಹೆಚ್ಚಿದ್ದರೆ ನಾವು ಚಿತ್ರಗಳಲ್ಲಿ ನೋಡುವ ನಕ್ಷತ್ರಗಳು. ಕೆಲವೇ ಡಿಗ್ರಿ ಅಂತರದಲ್ಲಿ ಆಕಾರ ಹೀಗೆ ಹಿಂದೆ ಮುಂದೆ ಏಕೆ ಮಗುಚುತ್ತದೆ ಎಂಬುದು ಇಂದಿಗೂ ಸಂಶೋಧನೆಯ ವಸ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹರಳು ಮೋಡದೊಳಗೆ ಏರುತ್ತ ಇಳಿಯುತ್ತ ಸಾಗುವಾಗ ಗಾಳಿಯ ಚಳಿಯೂ ತೇವವೂ ಬದಲಾಗುತ್ತಲೇ ಇರುತ್ತವೆ. ಹರಳಿನ ಅಗಲ ಕೆಲವೇ ಮಿಲಿಮೀಟರು. ಹಾಗಾಗಿ ಆರು ತೋಳುಗಳೂ ಒಂದೇ ಪಂಕ್ತಿಯಲ್ಲಿ ಕೂತಂತೆ: ಸಾರು ಬಂದಾಗ ಎಲ್ಲರ ಎಲೆಗೂ ಸಾರು, ಪಾಯಸ ಬಂದಾಗ ಎಲ್ಲರಿಗೂ ಪಾಯಸ. ಒಬ್ಬರು ಇನ್ನೊಬ್ಬರ ಎಲೆ ನೋಡಿ ಉಣ್ಣಬೇಕಾಗಿಲ್ಲ. ಪಕ್ಕದ ಹರಳು ಹಿಡಿದ ದಾರಿ ಬೇರೆ, ಅದಕ್ಕೇ ಅದರ ರೂಪವೂ ಬೇರೆ.

ಇನ್ನೊಂದು ಮಾತನ್ನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ತಿದ್ದಿ ತೀಡಿದಂಥ ಹರಳುಗಳು ಅಪರೂಪ. ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಶುರುಮಾಡಿ, ಜೀವಮಾನದಲ್ಲಿ 5000ಕ್ಕೂ ಹೆಚ್ಚು ಹರಳುಗಳ ಚಿತ್ರ ತೆಗೆದ. ಚೆಂದದವನ್ನು ಆರಿಸಿ ಆರಿಸಿ ತೆಗೆದ. ನಿಜವಾಗಿ ಬೀಳುವ ಹಿಮದಲ್ಲಿ ಒಂದು ತೋಳು ಗಿಡ್ಡ, ಒಂದು ಮುರಿದದ್ದು, ಎರಡು ಮೂರು ಒಂದಕ್ಕೊಂದು ಅಂಟಿಕೊಂಡವು, ಇವೇ ಹೆಚ್ಚು.

ನಕ್ಷತ್ರಕ್ಕಿಂತ ನನಗೆ ಹಿಡಿಸುವ ಹರಳು ಬೇರೊಂದಿದೆ. ಗಾಡಿಯ ಅಚ್ಚಿನ ಎರಡು ತುದಿಗೆ ಚಕ್ರ ಸಿಕ್ಕಿಸಿದಂತೆ, ನಡುವೆ ಕಂಬ, ಎರಡು ಕೊನೆಗೂ ಆರು ಮೂಲೆಯ ಬಿಲ್ಲೆ. ಈಚೆಗೆ ಅದರ ಚಿತ್ರ ತೋರಿಸಿ ನಾನು ಸುಮ್ಮನಾದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬೋರ್ಡಿನ ಮೇಲಿದ್ದ ಉಷ್ಣಾಂಶಗಳನ್ನೇ ಸ್ವಲ್ಪ ಹೊತ್ತು ನೋಡಿ ಹೇಳಿದಳು: "ಇದು ಮೊದಲು ಮೈನಸ್ ಐದರ ಹತ್ತಿರ ಇತ್ತು ಸರ್. ಆಮೇಲೆ ಗಾಳಿ ಅದನ್ನ ಮೇಲಕ್ಕೆ, ಇನ್ನೂ ಚಳಿ ಇರೋ ಕಡೆ ಹೊತ್ಕೊಂಡು ಹೋಯ್ತು."