ಅನಿಲದಲ್ಲಿ ಎಲೆಕ್ಟ್ರಾನ್ ಒಲ್ಲದ ಕಾರ್ಬನ್ ಡೈಆಕ್ಸೈಡ್, ಸೂಪರ್‌ಕ್ರಿಟಿಕಲ್ ಈಥೇನ್‌ನಲ್ಲಿ ಅದನ್ನು ಹಿಡಿಯುವುದು ಹೇಗೆ?

ವಿಕಿರಣ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳಲು ಕಾರಣವೂ ಇದೆ. ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಎಲೆಕ್ಟ್ರಾನ್ ಆಕರ್ಷಣೆ ಸುಮಾರು ಮೈನಸ್ 0.6 ಎಲೆಕ್ಟ್ರಾನ್ ವೋಲ್ಟ್; ಅಂದರೆ ಅಂಟಿದ ಎಲೆಕ್ಟ್ರಾನ್ ಬೇಗನೆ ಕಳಚಿಹೋಗಬೇಕು. ಆದರೆ 32.2 ಡಿಗ್ರಿ ಸೆಲ್ಸಿಯಸ್, 48.7 ಬಾರ್ (ಈಥೇನ್‌ನ ಕ್ರಾಂತಿಕ ಬಿಂದು) ದಾಟಿ ದ್ರವ-ಅನಿಲ ಭೇದ ಅಳಿದ, ಅಂದರೆ ಸೂಪರ್‌ಕ್ರಿಟಿಕಲ್ ಆದ ಈಥೇನ್‌ನಲ್ಲಿ ಅಂಟುವುದು–ಕಳಚುವುದು ಎರಡೂ ಅಳೆಯಬಲ್ಲ ಸಮತೋಲನಕ್ಕೆ ಬರುತ್ತವೆ. ಇದನ್ನು ವಿವರವಾಗಿ ಅಳೆದವರು ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ಹಾಲ್ರಾಯ್ಡ್ ಮತ್ತು ಅವರ ಜಪಾನೀ ಸಹೋದ್ಯೋಗಿ ನಿಶಿಕಾವಾ.

ಉತ್ತರ ಇರುವುದು ಸುತ್ತಲಿನ ಈಥೇನ್‌ನಲ್ಲಿ. ಕಾರ್ಬನ್ ಡೈಆಕ್ಸೈಡ್ ಎಲೆಕ್ಟ್ರಾನ್ ಹಿಡಿದು ಅಯಾನು ಹುಟ್ಟಿದೊಡನೆ ಅದರ ವಿದ್ಯುತ್ ಕ್ಷೇತ್ರ ನೆರೆಯ ಅಣುಗಳನ್ನು ಧ್ರುವೀಕರಿಸಿ ತನ್ನತ್ತ ಸೆಳೆಯುತ್ತದೆ. ಅಯಾನಿನ ತ್ರಿಜ್ಯ 0.3 ನ್ಯಾನೋಮೀಟರ್, ಈಥೇನ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ 1.25 ಎಂದುಕೊಂಡರೆ ಬಾರ್ನ್ ಸೂತ್ರ (ಸುತ್ತಲಿನ ಮಾಧ್ಯಮದಿಂದ ಅಯಾನಿಗೆ ಸಿಗುವ ಸ್ಥಿರತೆಯ ಲೆಕ್ಕ) ಕೊಡುವ ಸ್ಥಿರತೆ ಸುಮಾರು 0.48 ಎಲೆಕ್ಟ್ರಾನ್ ವೋಲ್ಟ್. ಅಯಾನಿನ ಬಳಿ ಈಥೇನ್ ಒತ್ತೊತ್ತಾಗಿ ನೆರೆಯುವುದರಿಂದ ನಿಜವಾದ ಲಾಭ ಇನ್ನೂ ಹೆಚ್ಚು. ಆ 0.6ರ ಕೊರತೆಯ ಬಹುಪಾಲು ತುಂಬಿತು.

ಈ ಸೆಳೆತದಿಂದ ದ್ರವದ ಗಾತ್ರವೂ ಕುಗ್ಗುತ್ತದೆ. ಕುಗ್ಗುವ ಪ್ರಮಾಣ ದ್ರವದ ಸಂಕುಚನಶೀಲತೆಯನ್ನು (ಒತ್ತಡಕ್ಕೆ ಅದು ಎಷ್ಟು ಕುಗ್ಗುತ್ತದೆ ಎಂಬುದನ್ನು) ಅವಲಂಬಿಸಿದೆ. ಅದೇ ತ್ರಿಜ್ಯಕ್ಕೆ ಸಾಧಾರಣ ದ್ರವವಾದ ಹೆಕ್ಸೇನ್‌ನಲ್ಲಿ ಮೋಲಿಗೆ ಸುಮಾರು 120 ಘನ ಸೆಂಟಿಮೀಟರ್. ಒತ್ತಡ ಒಂದು ಬಾರ್ ಏರಿದರೆ ಸಮತೋಲನ ಸ್ಥಿರಾಂಕ (ಅಂಟುವ ಮತ್ತು ಕಳಚುವ ವೇಗ ಸ್ಥಿರಾಂಕಗಳ ಅನುಪಾತ) ಶೇ 0.5ರಷ್ಟು ಬದಲಾಗುತ್ತದೆ, ಅಷ್ಟೇ. ಪ್ರತಿ ಬಾರ್ ಒತ್ತಡಕ್ಕೆ ಶೇ 1ರಷ್ಟು ಕುಗ್ಗುವ ಈಥೇನ್‌ನಲ್ಲಿ, 40 ಡಿಗ್ರಿಯಲ್ಲಿ, ಅದು ಮೋಲಿಗೆ 4 ಲೀಟರ್. ಒತ್ತಡ ಒಂದು ಬಾರ್ ಏರಿದರೆ ಸ್ಥಿರಾಂಕ ಸುಮಾರು ಶೇ 17 ಏರುತ್ತದೆ. ಸಂಕುಚನಶೀಲತೆಯ ಶಿಖರದಲ್ಲಿ ಇದಕ್ಕೂ ಎಷ್ಟೋ ಪಟ್ಟು ಹೆಚ್ಚು. ಆದರೆ ಅಲ್ಲಿ ಸರಳ ಸೂತ್ರವನ್ನು ನಂಬಬೇಡಿ: ಅಯಾನಿನ ಪಕ್ಕದ ಪದರ ಆಗಲೇ ದ್ರವದಷ್ಟು ಸಾಂದ್ರವಾಗಿದ್ದು ಮತ್ತೆ ಕುಗ್ಗದು, ಹಾಗಾಗಿ ಲೆಕ್ಕ ವಾಸ್ತವವನ್ನು ಮೀರುತ್ತದೆ. ಇನ್ನೊಂದು, ಶಿಖರ ಇರುವುದು 48.7 ಬಾರಿನಲ್ಲಲ್ಲ, ತಾಪಮಾನ ಏರಿದಂತೆ ಅದು ಹೆಚ್ಚಿನ ಒತ್ತಡದತ್ತ ಸರಿಯುತ್ತದೆ.

ಅಳೆಯುವ ತತ್ವ ಸರಳ. ಸಮಾನಾಂತರ ವಿದ್ಯುದ್ವಾರಗಳಿರುವ ಉಕ್ಕಿನ ಕೋಶಕ್ಕೆ ಕ್ಷಣಿಕ ಎಕ್ಸ್‌ರೇ ಮಿಡಿತ ಕೊಟ್ಟು ವಿದ್ಯುತ್ ಪ್ರವಾಹ ಕುಸಿಯುವುದನ್ನು ನೋಡುವುದು. ಎಲೆಕ್ಟ್ರಾನ್ ಅಯಾನಿಗಿಂತ ಸಾವಿರಾರು ಪಟ್ಟು ಚುರುಕು, ಆದ್ದರಿಂದ ಅದು ಸೆರೆಯಾದೊಡನೆ ಪ್ರವಾಹ ಬೀಳುತ್ತದೆ. ಮೊದಲ ಕುಸಿತ ಅಂಟುವ ವೇಗವನ್ನು ಹೇಳಿದರೆ, ಉಳಿದ ಬಾಲ ಎಷ್ಟು ಎಲೆಕ್ಟ್ರಾನ್ ಮುಕ್ತವಾಗಿವೆ ಎಂಬುದನ್ನು.

ಪ್ರಯೋಗ ಕೆಡುವುದು ಹೆಚ್ಚಾಗಿ ಶುದ್ಧತೆಯ ಕೊರತೆಯಿಂದ. ಎಲೆಕ್ಟ್ರಾನ್ ಚಲನಶೀಲತೆ 10 ಇದ್ದರೆ (ವೋಲ್ಟ್-ಸೆಕೆಂಡಿಗೆ ಚದರ ಸೆಂಟಿಮೀಟರ್ ಲೆಕ್ಕದಲ್ಲಿ), ಒಂದು ನ್ಯಾನೋಮೀಟರ್ ದೂರದಿಂದ ಸೆಳೆಯುವ ಕಲ್ಮಶದ ವೇಗ ಸ್ಥಿರಾಂಕ ಮೋಲಾರ್-ಸೆಕೆಂಡಿಗೆ 2 ಗುಣಿಸು 10ರ 14ನೇ ಘಾತ. ಅಂಥ ಕಲ್ಮಶ ಒಂದು ನ್ಯಾನೋಮೋಲಾರ್ ಇದ್ದರೂ ಎಲೆಕ್ಟ್ರಾನ್ ಆಯುಷ್ಯ (ಸೆರೆಯಾಗುವ ಮುನ್ನ ಮುಕ್ತವಾಗಿರುವ ಕಾಲ) 5 ಮೈಕ್ರೋಸೆಕೆಂಡಿಗೆ ಇಳಿಯುತ್ತದೆ. ಈಥೇನ್ ಅನ್ನು ಸಕ್ರಿಯ ಇದ್ದಿಲು, ಮಾಲಿಕ್ಯುಲರ್ ಸೀವ್, ಕೊನೆಗೆ ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹದ ಮೇಲೆ ಹಾಯಿಸಿ. ರಬ್ಬರ್ ಓ-ರಿಂಗ್ ಬೇಡ, ಲೋಹದ ಸೀಲ್ ಹಾಕಿ. ಬರಿಯ ಈಥೇನ್‌ನ ಆಯುಷ್ಯ ಅಳೆಯದೆ ಕಾರ್ಬನ್ ಡೈಆಕ್ಸೈಡ್ ಸೇರಿಸಲೇಬೇಡಿ. ಕಾರ್ಬನ್ ಡೈಆಕ್ಸೈಡ್ ಹೊತ್ತಿ ಉರಿಯದ ಅನಿಲ, ಈಥೇನ್ ಹಾಗಲ್ಲ: ಸೋರಿಕೆ ಪರೀಕ್ಷೆ ತಪ್ಪಿಸುವಂತಿಲ್ಲ.

ಮಿಡಿತ ಜೋರಾದರೆ ಎಲೆಕ್ಟ್ರಾನ್‌ಗಳು ಧನ ಅಯಾನುಗಳನ್ನೇ ಸೇರುತ್ತವೆ (ಪುನಃಸಂಯೋಗ). ಘನ ಸೆಂಟಿಮೀಟರಿಗೆ 10ರ 10ನೇ ಘಾತದಷ್ಟು ಎಲೆಕ್ಟ್ರಾನ್-ಅಯಾನು ಜೋಡಿಗಳಿದ್ದರೆ ಆಯುಷ್ಯ ಏಳೆಂಟು ಮೈಕ್ರೋಸೆಕೆಂಡ್. 10ರ 8ನೇ ಘಾತಕ್ಕೆ ಇಳಿಸಿದರೆ ನೆಮ್ಮದಿ. ಡೋಸ್ ಅರ್ಧ ಮಾಡಿದಾಗ ಆಯುಷ್ಯ ಬದಲಾದರೆ ನೀವು ಅಳೆಯುತ್ತಿರುವುದು ಪುನಃಸಂಯೋಗವನ್ನು.

ಕ್ರಾಂತಿಕ ಬಿಂದುವಿನ ಹತ್ತಿರ ಕಾಡುವುದು ತಾಪಮಾನ. ಅಲ್ಲಿ ಶಾಖ ಹರಡುವುದು ತೀರಾ ನಿಧಾನ, ಕೋಶದ ಮೇಲೆ-ಕೆಳಗೆ ಅಲ್ಪ ವ್ಯತ್ಯಾಸವಿದ್ದರೂ ಸಾಂದ್ರತೆಯ ಪದರಗಳು ಏಳುತ್ತವೆ. ಒತ್ತಡಮಾಪಕ ಸ್ಥಿರವಾಯಿತೆಂದು ಅಳೆಯಲು ಹೊರಡಬೇಡಿ. ಬಿಡುವು ಕೊಟ್ಟು ಎರಡು ಬಾರಿ ಅಳೆದ ಆಯುಷ್ಯ ಒಂದೇ ಬಂದರೆ ಮಾತ್ರ ಆ ಬಿಂದುವನ್ನು ಗ್ರಾಫಿಗೆ ಹಾಕಿ.